ಕಲಹಪ್ರಿಯ ಮೀನಿಗೆ ಜೊತೆ ಯಾರು?

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನೇರಿ ಸುತ್ತಲೂ ಕಣ್ಣು ಹಾಯಿಸಿದರೆ, ಹೊಗೆಸೊಪ್ಪಿನ ಹೊಲಗಳ ನಡುವೆ ಅಲ್ಲಲ್ಲಿ ಕೆರೆಗಳು ಕಾಣುತ್ತವೆ. ಮಳೆ ಹಿಡಿದು ಹೊಸನೀರು ಬಂದ ದಿನಗಳಲ್ಲಿ ಮೈಸೂರು ಸೀಮೆಯ ಇಂಥ ಕೆರೆಗಳ ಅಂಚಿನಲ್ಲಿ, ಜೊಂಡಿನ ಬಳಿ, ಪುಟ್ಟ ಕೆಂಪು ಜೀವಿಗಳ ಗುಂಪೊಂದು ನೀರು ಕುದಿಯುವಂತೆ ಮೇಲೆ ಕೆಳಗೆ ಆಡುವುದುಂಟು. ಅದು ಕೊರಮೀನಿನ ಮರಿಗಳ ಹಿಂಡು. ಹಿಂಡಿನ ಕೆಳಗೆ ತಾಯಿತಂದೆಗಳು ಕಾವಲಿರುತ್ತವೆ. ಆ ಹೊತ್ತಿನಲ್ಲಿ ಅತ್ತ ಸುಳಿದ ಕಪ್ಪೆಯಾಗಲಿ, ಬೇರೆ ಮೀನಾಗಲಿ ಪೆಟ್ಟು ತಿನ್ನದೆ ಹಿಂದಿರುಗುವುದಿಲ್ಲ. ತನಗಿಂತ ದೊಡ್ಡ ಪ್ರಾಣಿಗೂ ಎದುರು ನಿಲ್ಲಲು ಕೊರಮೀನು ಹಿಂದೆಗೆಯದು. ಮರಿಗಳು ಬೆಳೆದು ಚದುರಿದ ಮೇಲಾದರೋ, ಅದೇ ಮೀನು ಜೊಂಡಿನ ನೆರಳಿನಲ್ಲಿ ಮರದ ತುಂಡಿನಂತೆ ಅಲುಗದೆ ನಿಂತಿರುತ್ತದೆ.

ಹಾಗಾದರೆ ಈ ಮೀನನ್ನು ಜಗಳಗಂಟ ಎನ್ನಬೇಕೇ, ಸಾಧು ಎನ್ನಬೇಕೇ? ಕೆರೆಯಲ್ಲಿರುವ ಮೀನಿನ ಮಟ್ಟಿಗೆ ಈ ಪ್ರಶ್ನೆಯಿಂದ ಯಾರಿಗೂ ಲಾಭನಷ್ಟವಿಲ್ಲ. ಆದರೆ ಮನೆಯ ನಡುಕೋಣೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವ ಕುಟುಂಬಗಳು ಇಂದು ಮೈಸೂರು, ಬೆಂಗಳೂರುಗಳಲ್ಲಿ ಮಾತ್ರವಲ್ಲ, ಹುಣಸೂರು, ಪಿರಿಯಾಪಟ್ಟಣದಂಥ ಊರುಗಳಲ್ಲಿಯೂ ಇವೆ. ಅವರಿಗೆ ಈ ಪ್ರಶ್ನೆ ಒಂದು ದಿನ ಬಂದೇ ಬರುತ್ತದೆ.

ಅದು ಬರುವ ಬಗೆ ಸಾಮಾನ್ಯವಾಗಿ ಹೀಗೆ: ಭಾನುವಾರ ಸಂಜೆ ತಂದೆ ಮಕ್ಕಳನ್ನು ಕರೆದುಕೊಂಡು ಮೀನಿನ ಅಂಗಡಿಗೆ ಹೋಗುತ್ತಾನೆ. ಮಗಳು ನೀಲಿಗೆರೆಯ ನಿಯಾನ್ ಟೆಟ್ರಾ ಎಂಟು ಬೇಕೆನ್ನುತ್ತಾಳೆ. ಮಗನ ಕಣ್ಣು ಎರಡಂಗುಲದ ಒಂದು ಮರಿಯ ಮೇಲೆ ಬೀಳುತ್ತದೆ. ಕಪ್ಪು ಮೈ, ಕಿತ್ತಳೆ ಬಣ್ಣದ ಮಚ್ಚೆ, ಗಾಜಿಗೆ ಮುಖವಿಟ್ಟು ಇವನನ್ನೇ ನೋಡುವ ದೊಡ್ಡ ಕಣ್ಣು. “ಇದನ್ನೂ ಅದರ ಜೊತೆ ಬಿಡಬಹುದೇ?” ಎಂದು ತಂದೆ ಕೇಳಿದರೆ ಅಂಗಡಿಯವನು, “ಬಿಡಿ ಸ್ವಾಮಿ, ಇನ್ನೂ ಮರಿ, ಏನೂ ಮಾಡೋದಿಲ್ಲ” ಎನ್ನುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಆ ದಿನದ ಮಟ್ಟಿಗೆ ನಿಜ. ಎರಡು ತಿಂಗಳ ತರುವಾಯ ಮಗಳು ಎಣಿಸಿದಾಗ ನಿಯಾನ್‌ಗಳು ಐದೇ ಇರುತ್ತವೆ. “ಅಪ್ಪಾ, ಮಿಕ್ಕವು ಎಲ್ಲಿ ಹೋದವು?” ಎಂಬ ಮಾತಿಗೆ ಮನೆಯಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಆ ಮರಿ ಅಮೆಜಾನ್ ನದಿಯ ಆಸ್ಕರ್. ಬೆಳೆದರೆ ಒಂದಡಿ ಉದ್ದ.

ಇಲ್ಲಿ ನಡೆದದ್ದು ಜಗಳವೇ ಅಲ್ಲ, ಊಟ. ಜೊತೆಗಾರರನ್ನು ಆರಿಸಲು ಹೊರಟವರು ಮೊದಲು ತಿಳಿಯಬೇಕಾದ ಭೇದ ಇದು. ಮೀನುಗಳಿಗೆ ಹಲ್ಲು ಹಲ್ಲು ಅಗಿಯುತ್ತ ದ್ವೇಷ ಸಾಧಿಸುವ ಬುದ್ಧಿ ಇಲ್ಲ. ಅವು ಇನ್ನೊಂದು ಮೀನಿನ ಮೇಲೆ ಬೀಳುವುದು ಬಹುಮಟ್ಟಿಗೆ ಮೂರು ಕಾರಣಗಳಿಂದ: ಬಾಯಿಗೆ ಹಿಡಿಯುವಷ್ಟು ಚಿಕ್ಕದಾದರೆ ತಿನ್ನುವುದಕ್ಕೆ, ತನ್ನದೆಂದುಕೊಂಡ ನೆಲೆಗೆ ಕಾಲಿಟ್ಟರೆ ಓಡಿಸುವುದಕ್ಕೆ, ಮೊಟ್ಟೆ ಮರಿಗಳ ಬಳಿ ಬಂದರೆ ಕಾಪಾಡಿಕೊಳ್ಳುವುದಕ್ಕೆ. ಮೊದಲನೆಯದಕ್ಕೆ ಮದ್ದು ಸುಲಭ. ದೊಡ್ಡ ಮೀನಿನ ಬಾಯಿಯನ್ನು ಅಳೆದು, ಆ ಬಾಯಿಯಲ್ಲಿ ಹಿಡಿಸದ ಜೊತೆಗಾರನನ್ನು ತರುವುದು. ಅಳೆಯುವಾಗ ಇಂದಿನ ಬಾಯಿಯನ್ನಲ್ಲ, ಒಂದು ವರ್ಷದ ಮೇಲಿನ ಬಾಯಿಯನ್ನು ನೆನೆಯುವುದು. ಉಳಿದೆರಡು ಅಷ್ಟು ಸುಲಭವಲ್ಲ.

ನೆಲೆಯ ವಿಚಾರವಾಗಿ ಹಾಲೆಂಡಿನ ನಿಕೊ ಟಿನ್‌ಬರ್ಗನ್ ಮಾಡಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಸ್ಟಿಕಲ್‌ಬ್ಯಾಕ್ ಎಂಬ ಬೆರಳುದ್ದದ ಮೀನಿನ ಎರಡು ಗಂಡುಗಳು ಒಂದೇ ತೊಟ್ಟಿಯ ಎರಡು ತುದಿಗಳಲ್ಲಿ ಗೂಡು ಕಟ್ಟಿದ್ದವು. ಟಿನ್‌ಬರ್ಗನ್ ಎರಡನ್ನೂ ಒಂದೊಂದು ಗಾಜಿನ ನಳಿಗೆಯಲ್ಲಿಟ್ಟು, ಎರಡು ನಳಿಗೆಗಳನ್ನೂ ಮೊದಲನೆಯ ಮೀನಿನ ಗೂಡಿನ ಬಳಿಗೆ ತಂದ. ಕೂಡಲೆ ಮನೆಯೊಡೆಯ ಗಾಜಿಗೆ ಮೂತಿಯಿಟ್ಟು ಎರಗಲೆಳಸಿತು, ಮತ್ತೊಂದು ತಪ್ಪಿಸಿಕೊಳ್ಳಲು ಒದ್ದಾಡಿತು. ನಳಿಗೆಗಳನ್ನು ಎರಡನೆಯ ಮೀನಿನ ಗೂಡಿನ ಬಳಿಗೆ ಒಯ್ದಾಗ ಪಾತ್ರಗಳು ಅದಲುಬದಲಾದವು. ಹೇಡಿ ಶೂರನಾಯಿತು, ಶೂರ ಹೇಡಿಯಾಯಿತು. ತನ್ನ ಕೇರಿಯಲ್ಲಿ ನಾಯಿಗೂ ಶೌರ್ಯ ಹೆಚ್ಚು ಎಂದು ನಮ್ಮ ಹಳ್ಳಿಯವರು ಬಲ್ಲರು. ಟಿನ್‌ಬರ್ಗನ್ ಅದನ್ನು ನಳಿಗೆಯಲ್ಲಿಟ್ಟು ತೋರಿಸಿದ. ಇದೇ ಗಂಡು ಮೀನುಗಳು ಸಂತಾನಕಾಲದಲ್ಲಿ ಹೊಟ್ಟೆ ಕೆಂಪಾಗಿ ತಿರುಗುತ್ತವೆ. ಮೀನಿನ ಹೋಲಿಕೆಯೇ ಇಲ್ಲದ ಮರದ ತುಂಡಿಗೆ ಅಡಿಯಲ್ಲಿ ಕೆಂಪು ಬಳಿದು ತೋರಿಸಿದರೂ ಅವು ಮೇಲೆ ಬಿದ್ದವು. ಥೇಟು ಮೀನಿನಂತೆ ಮಾಡಿದ, ಕೆಂಪಿಲ್ಲದ ಗೊಂಬೆಯನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಕೊನ್ರಾಡ್ ಲೊರೆನ್ಸ್ ೧೯೬೩ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹವಳದ ದಿಬ್ಬಗಳ ಮೀನುಗಳನ್ನು ಕುರಿತು ಇದನ್ನೇ ಇನ್ನೊಂದು ಕಡೆಯಿಂದ ಹೇಳಿದ: ಮೀನಿಗೆ ತನ್ನ ಜಾತಿಯ ಮೀನಿನ ಮೇಲೆಯೇ ಸಿಟ್ಟು ಹೆಚ್ಚು, ಏಕೆಂದರೆ ಅದೇ ಆಹಾರಕ್ಕೂ ಅದೇ ನೆಲೆಗೂ ಅದೇ ಹೆಣ್ಣಿಗೂ ಪೈಪೋಟಿಗೆ ಬರುವುದು ಅದೊಂದೇ. ಇಬ್ಬರಿಗೂ ೧೯೭೩ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದರಿಂದ ಗೃಹಸ್ಥರು ಎತ್ತಿಕೊಳ್ಳಬೇಕಾದ ಸೂತ್ರ ಸ್ಪಷ್ಟವಾಗಿದೆ. ಜಗಳಗಂಟ ಮೀನಿಗೆ ಜೊತೆ ಹುಡುಕುವಾಗ ಅದನ್ನು ಹೋಲುವ ಮೀನನ್ನು ತರಬಾರದು. ಬಣ್ಣ ಬೇರೆ, ಆಕಾರ ಬೇರೆ, ಓಡಾಡುವ ಮಟ್ಟ ಬೇರೆ ಇರಬೇಕು. ಒಂದು ತಳದಲ್ಲಿ ಬಾಳುವುದಾದರೆ ಇನ್ನೊಂದು ಮೇಲುನೀರಿನಲ್ಲಿ ಬಾಳಲಿ. ನಾವು ಹೆಣ್ಣು ಗಂಡು ನೋಡುವಾಗ ಹೊಂದಾಣಿಕೆ ಹುಡುಕುತ್ತೇವೆ. ಇಲ್ಲಿ ಹುಡುಕಬೇಕಾದದ್ದು ಹೊಂದದಿರುವುದನ್ನು.

ಇಷ್ಟಿದ್ದರೂ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಬೆಟ್ಟದಪುರದ ನೆರೆಯ ಸೀಮೆಯಲ್ಲಿ, ಕಾವೇರಿಯ ದಡದ ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ, ಯಾತ್ರಿಕರು ಎರಚುವ ಪುರಿಗೆ ದೊಡ್ಡ ಮೀನು ಚಿಕ್ಕ ಮೀನುಗಳೆಲ್ಲ ಮೈಗೆ ಮೈ ತಾಗಿಸಿ ಮುಗಿಬೀಳುವುದನ್ನು ಎಷ್ಟೋ ಮಂದಿ ನೋಡಿದ್ದಾರೆ. ಅಲ್ಲಿ ನೂಕುನುಗ್ಗಲಿದೆ, ಪ್ರಾಣಾಪಾಯವಿಲ್ಲ. ಏಟು ತಿಂದ ಮೀನು ಬಾಲವನ್ನೊಮ್ಮೆ ಬೀಸಿದರೆ ನಾಲ್ಕು ಮಾರು ದೂರ ಹೋಗಿಬಿಡುತ್ತದೆ. ಗೆದ್ದದ್ದು ಅಟ್ಟಿಸಿಕೊಂಡು ಹೋಗುವುದಿಲ್ಲ. ಪ್ರಕೃತಿಯಲ್ಲಿ ಮೀನಿನ ಜಗಳ ಮುಗಿಯುವುದು ಒಂದು ಸೋತು ಓಡಿದಾಗ. ಗಾಜಿನ ತೊಟ್ಟಿಯಲ್ಲಿ ಸೋತದ್ದು ಓಡುವುದೆಲ್ಲಿಗೆ? ಎರಡಡಿ ಆಚೆಗೆ ಗಾಜು. ಗೆದ್ದ ಮೀನಿನ ಕಣ್ಣಿಗೆ ಅದು ಇನ್ನೂ ತನ್ನ ಮನೆಯೊಳಗೇ ನಿಂತಿದೆ. ಆದ್ದರಿಂದ ಮತ್ತೆ ಮತ್ತೆ ಏಟು. ತೊಟ್ಟಿಯಲ್ಲಿ ಸಾಯುವ ಮೀನುಗಳಲ್ಲಿ ಅನೇಕವು ಗಾಯದಿಂದ ಸಾಯುವುದಿಲ್ಲ. ಅಡಗಲು ತಾವಿಲ್ಲದೆ, ಉಣ್ಣಲು ಧೈರ್ಯವಿಲ್ಲದೆ, ಕೊರಗಿ ರೋಗ ಹತ್ತಿಸಿಕೊಂಡು ಸಾಯುತ್ತವೆ.

ಈಗ ಆಸ್ಕರ್‌ಗೆ ಹಿಂದಿರುಗೋಣ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ತಪ್ಪು ಸಹವಾಸಕ್ಕೆ ಬೀಳುವುದು ಇದೇ. ವಾಸ್ತವವಾಗಿ ಆಸ್ಕರ್ ತನ್ನ ಬಳಗದಲ್ಲಿ ಅಂಥ ಕ್ರೂರಿಯೇನಲ್ಲ. ಸಾಕಿದವರ ಗುರುತು ಹಿಡಿಯುತ್ತದೆ, ಊಟದ ಹೊತ್ತಿಗೆ ಗಾಜಿನ ಬಳಿ ಬಂದು ಕಾಯುತ್ತದೆ, ತೊಟ್ಟಿಯ ಕಲ್ಲುಗಳನ್ನು ನಾವು ಜೋಡಿಸಿದಂತೆ ಇರಗೊಡದೆ ಬಾಯಲ್ಲಿ ಕಚ್ಚಿ ತನಗೊಪ್ಪುವಂತೆ ಇಡುತ್ತದೆ. ಅದಕ್ಕೆ ಬೇಕಾದದ್ದು ವಿಸ್ತಾರ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಒಂದೇ ಆಸ್ಕರ್‌ಗೆ ಸಾಲುತ್ತದೆ. ಘನ ಅಡಿಗೆ ೨೮ ಲೀಟರಿನ ಲೆಕ್ಕದಲ್ಲಿ ಅದರ ನೀರು ಸುಮಾರು ೨೫೦ ಲೀಟರು, ಅಂದರೆ ನೀರಿನ ತೂಕವೇ ಎರಡೂವರೆ ಕ್ವಿಂಟಲ್. ಹಳೆಯ ಊಟದ ಮೇಜು ಅದನ್ನು ಹೊರಲಾರದು. ಜೊತೆಗಾರರೂ ಬೇಕೆಂದರೆ ಇದರ ಒಂದೂವರೆ ಪಟ್ಟಾದರೂ ಬೇಕು. ಅಷ್ಟು ಅನುಕೂಲವಿದ್ದವರು ಸಿಲ್ವರ್ ಡಾಲರ್ ಎಂಬ ಮೀನುಗಳನ್ನು ಐದಾರು ತರಬಹುದು. ಬೆಳ್ಳಿಯ ತಟ್ಟೆಯಂತೆ ಅಗಲವಾದ ಮೈಯುಳ್ಳ, ಸೊಪ್ಪುಸದೆ ತಿನ್ನುವ ಈ ಮೀನು ಆಸ್ಕರ್‌ನ ದೇಶಬಾಂಧವ. ಅಗಲದ ಮೈಯಾದ್ದರಿಂದ ನುಂಗಲು ಬಾರದು, ಚುರುಕಾದ್ದರಿಂದ ಹಿಡಿಯಲು ಸಿಗದು. ಅವು ನಿರ್ಭಯವಾಗಿ ಓಡಾಡುವುದನ್ನು ಕಂಡು ಪುಕ್ಕಲು ಆಸ್ಕರ್ ಕೂಡ ಅವಿತಲ್ಲಿಂದ ಹೊರಬರುವುದುಂಟು. ತಳಕ್ಕೆ ದೊಡ್ಡ ಜಾತಿಯ ಪ್ಲೆಕೊ ಒಂದು ಸಾಕು.

ಗೋಲ್ಡ್‌ಫಿಷ್ ಮಾತ್ರ ಬೇಡ, ಜೊತೆಗೂ ಬೇಡ, ಆಹಾರವಾಗಿಯೂ ಬೇಡ. ಅತಿಥಿಗಳೆದುರು ಆಸ್ಕರ್‌ಗೆ ಜೀವಂತ ಗೋಲ್ಡ್‌ಫಿಷ್ ಹಾಕಿ ತಮಾಷೆ ತೋರಿಸುವವರಿದ್ದಾರೆ. ಇದು ಅಭಿರುಚಿಯ ಮಾತಷ್ಟೇ ಅಲ್ಲ. ಗೋಲ್ಡ್‌ಫಿಷ್‌ನ ಮೈಯಲ್ಲಿ ಬಿ-೧ ಜೀವಸತ್ವವನ್ನು ಹಾಳುಮಾಡುವ ಪದಾರ್ಥವಿರುವುದರಿಂದ, ಅದನ್ನೇ ತಿಂದು ಬೆಳೆದ ಮೀನು ಕ್ರಮೇಣ ಸೊರಗುತ್ತದೆ. ಯಾವ ಮೀನಿಗೆ ಯಾವ ಆಹಾರ ಎಂಬುದನ್ನು ನಮ್ಮ ನಾಡಿನ ಅರಸರೇ ಬರೆದಿಟ್ಟಿದ್ದಾರೆ: ೧೧೨೬ರಿಂದ ೧೧೩೮ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನಿನ ಬಗೆಗಳೂ ಅವಕ್ಕೆ ಒಡ್ಡಬೇಕಾದ ತಿನಿಸುಗಳೂ ಬಂದಿವೆ. ಅರಸನ ಉದ್ದೇಶ ಗಾಳ ಹಾಕುವುದಾಗಿತ್ತೆಂಬುದು ಬೇರೆ ಮಾತು.

ಕೆಲವು ಮೀನುಗಳ ವಿಷಯದಲ್ಲಿ ಲೆಕ್ಕಾಚಾರ ತಲೆಕೆಳಗು. ಸುಮಾತ್ರದ ಕಡೆಯ ಟೈಗರ್ ಬಾರ್ಬ್, ಹಳದಿ ಮೈಗೆ ನಾಲ್ಕು ಕಪ್ಪು ಪಟ್ಟೆ ತೊಟ್ಟ ಎರಡಂಗುಲದ ಪುಂಡ. ಎರಡೋ ಮೂರೋ ತಂದು ಬಿಟ್ಟರೆ ಅವು ಏಂಜೆಲ್ ಮೀನಿನ ಉದ್ದನೆಯ ರೆಕ್ಕೆಗಳನ್ನು ಚಿಂದಿ ಚಿಂದಿ ಮಾಡಿಬಿಡುತ್ತವೆ. ಎಂಟು ಹತ್ತು ತಂದರೆ ತಮ್ಮ ತಮ್ಮಲ್ಲೇ ಮೇಲು ಕೀಳಿನ ಚೌಕಾಸಿಯಲ್ಲಿ ಮುಳುಗಿ ಪರರ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಹಾಗೆಂದು ಉದ್ದ ರೆಕ್ಕೆಯ ಮೀನನ್ನು ಅವುಗಳೊಡನೆ ಇಡುವುದು ಆಗಲೂ ಬೇಡ. ಆಫ್ರಿಕದ ಮಲಾವಿ ಸರೋವರದ ಬಂಡೆಮೀನುಗಳದೂ ಇಂಥದೇ ಕಥೆ: ತೊಟ್ಟಿಯಲ್ಲಿ ಕೆಲವೇ ಇದ್ದರೆ ಬಲಿಷ್ಠವಾದದ್ದು ದುರ್ಬಲವಾದದ್ದನ್ನು ಆರಿಸಿ ಆರಿಸಿ ಕೊಲ್ಲುತ್ತದೆ, ತುಸು ಕಿಕ್ಕಿರಿದಿದ್ದರೆ ಏಟು ಹಂಚಿಹೋಗುತ್ತದೆ. ಅವಕ್ಕೆ ಗಡಸುನೀರು ಬೇಕು, ನಮ್ಮ ಕಡೆ ಎಷ್ಟೋ ಕೊಳವೆಬಾವಿಗಳ ನೀರು ಒಗ್ಗಬಹುದು. ಆದರೆ ಕಿಕ್ಕಿರಿದ ತೊಟ್ಟಿಗೆ ದೊಡ್ಡ ಫಿಲ್ಟರ್ ಹಗಲಿರುಳೂ ನಡೆಯುತ್ತಿರಬೇಕು. ತಾಸುಗಟ್ಟಲೆ ವಿದ್ಯುತ್ ಹೋಗುವ ಊರಿನವರು ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನು ಇಟ್ಟುಕೊಳ್ಳದೆ ಈ ಸಾಹಸಕ್ಕೆ ಇಳಿಯಬಾರದು.

ಸಯಾಮಿನ ಕಾದಾಟದ ಮೀನಿಗೆ ಬೆಟ್ಟಾ ಎಂದು ಹೆಸರು. ನಮ್ಮ ಬೆಟ್ಟಕ್ಕೂ ಇದಕ್ಕೂ ನಂಟಿಲ್ಲ. ಅದು ಮಲಯ ದ್ವೀಪಗಳ ಜನರ ಮಾತಿನಿಂದ ಬಂದದ್ದು. ಥೈಲೆಂಡ್ ೨೦೧೯ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಎರಡು ಗಂಡುಗಳನ್ನು ಒಟ್ಟಿಗಿಡಬಾರದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದಿರುವುದು ಏನೆಂದರೆ, ಬಣ್ಣದ ದೊಡ್ಡ ಬಾಲದ ಗಪ್ಪಿಯನ್ನೂ ಅದು ತನ್ನ ದಾಯಾದಿಯೆಂದೇ ತಿಳಿಯಬಹುದು. ತನ್ನಂತೆಯೇ ಮೇಲೆ ಬಂದು ಗಾಳಿ ಗುಟುಕರಿಸುವ ಗೌರಾಮಿಯಂತೂ ಅದರ ರಕ್ತಸಂಬಂಧಿ. ನಲವತ್ತು ಐವತ್ತು ಲೀಟರಿನ ತೊಟ್ಟಿಯಲ್ಲಿ ತಳ ಕೆದಕುವ ಕೊರಿಡೋರಸ್ ಮೀನುಗಳ ಒಂದು ಪುಟ್ಟ ಗುಂಪಿನೊಡನೆ ಅನೇಕ ಬೆಟ್ಟಾಗಳು ಶಾಂತವಾಗಿ ಬಾಳುತ್ತವೆ. ಅನೇಕ ಎಂದೆನೇ ಹೊರತು ಎಲ್ಲ ಎನ್ನಲಿಲ್ಲ. ಒಂದೊಂದು ಮೀನಿನ ಗುಣ ಒಂದೊಂದು.

ಫ್ಲವರ್‌ಹಾರ್ನ್‌ನ ವಿಚಾರ ಚಿಕ್ಕದು. ೧೯೯೦ರ ದಶಕದಲ್ಲಿ ಮಲೇಷ್ಯಾದ ಕಡೆ ಬೇರೆ ಬೇರೆ ಮೀನುಗಳನ್ನು ಬೆರೆಸಿ ಎಬ್ಬಿಸಿದ ಈ ತಳಿಗೆ ಹಣೆಯ ಮೇಲೆ ದೊಡ್ಡ ಗುಬುಟು. ಅದು ಮನೆಗೆ ಅದೃಷ್ಟ ತರುತ್ತದೆಂದು ನಂಬಿ ಸಾವಿರಾರು ರೂಪಾಯಿ ತೆತ್ತು ತರುವವರಿದ್ದಾರೆ. ಅದೃಷ್ಟದ ಮಾತು ನಾನರಿಯೆ. ಅದಕ್ಕೆ ತಕ್ಕ ಜೊತೆ ಯಾವುದೂ ಇಲ್ಲವೆಂಬುದನ್ನು ಮಾತ್ರ ಬಲ್ಲೆ. ಒಂಟಿಯಾಗಿಯೇ ಸುಖವಾಗಿರುವ ಮೀನಿಗೆ ನಮ್ಮ ಕಣ್ಣಿನ ಬೇಸರ ಕಳೆಯಲೆಂದು ಸಂಗಾತಿ ತರುವುದು ಸಂಗಾತಿಗೆ ಮಾಡುವ ಅನ್ಯಾಯ.

ದೂರದ ಅಮೆಜಾನಿಗೆ ಹೋಗದೆ ನಮ್ಮ ನೀರಿನ ಮೀನುಗಳನ್ನೇ ಸಾಕಬಾರದೇ ಎಂದು ಕೇಳುವವರಿಗೆ ಸೊಗಸಾದ ಉತ್ತರವಿದೆ. ಆಸ್ಕರ್, ಫ್ಲವರ್‌ಹಾರ್ನ್‌ಗಳು ಸೇರಿದ ಸಿಕ್ಲಿಡ್ ಎಂಬ ಬಳಗದ ಮೂರೇ ಮೀನುಗಳು ಭಾರತದ ಸ್ವಂತ ಮೀನುಗಳು. ಒಂದು, ಕೇರಳದವರು ಕರಿಮೀನ್ ಎಂದು ಹುರಿದು ತಿನ್ನುವುದು. ಇನ್ನೊಂದು, ಬೆರಳುದ್ದದ ಕಿತ್ತಳೆ ಬಣ್ಣದ್ದು. ಮೂರನೆಯದು ನಮ್ಮ ದಕ್ಷಿಣ ಕನ್ನಡದ ನೇತ್ರಾವತಿಯ ಕಡೆಯದು, ಮೈತುಂಬ ಮುತ್ತಿನ ಚುಕ್ಕೆಯುಳ್ಳ ಅದಕ್ಕೆ ಕೆನರಾದ ಹೆಸರನ್ನೇ ಇಟ್ಟು ೧೮೭೭ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ. ಮೊದಲಿನ ಎರಡರ ನೆರೆಹೊರೆ ವಿಚಿತ್ರವಾದದ್ದು. ೧೯೭೦ರ ದಶಕದಲ್ಲಿ ಶ್ರೀಲಂಕಾದಲ್ಲಿ ನಡೆದ ಅಧ್ಯಯನಗಳಿಂದ ತಿಳಿದಂತೆ, ಕಿತ್ತಳೆ ಮೀನಿನ ಎಳೆಯವು ಕರಿಮೀನಿನ ಮೈಮೇಲಿನ ಹುಳುಹುಪ್ಪಟೆಗಳನ್ನು ಹೆಕ್ಕಿ ತಿಂದು ಶುಚಿ ಮಾಡುತ್ತವೆ. ಕರಿಮೀನು ಅಲುಗದೆ ನಿಂತು ಆ ಸೇವೆ ಪಡೆಯುತ್ತದೆ. ಅದೇ ಕಿತ್ತಳೆ ಮೀನು ದೊಡ್ಡದಾದ ಮೇಲೆ ಕರಿಮೀನಿನ ಮೊಟ್ಟೆ ಮರಿಗಳನ್ನು ಕದ್ದು ತಿನ್ನುತ್ತದೆ. ಆಗ ಕರಿಮೀನು ಅಟ್ಟಿ ಓಡಿಸದೆ ಬಿಡುವುದಿಲ್ಲ. ಇಬ್ಬರೂ ಒಳ್ಳೆಯ ಜೊತೆಯೋ ಕೆಟ್ಟ ಜೊತೆಯೋ ಎಂಬುದು ತೊಟ್ಟಿಯಲ್ಲಿ ಆ ವಾರ ಮೊಟ್ಟೆಯಿದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ.

ಮಧ್ಯಮ ಗಾತ್ರದ ಸಿಕ್ಲಿಡ್‌ಗಳೊಡನೆ ಇಡಲು ನಮ್ಮ ಕಾವೇರಿ ಸೀಮೆಯದೇ ಆದ ಅರುಲಿಯಸ್ ಬಾರ್ಬ್ ಚೆನ್ನಾದ ಮೀನು. ಜೆರ್ಡನ್ ೧೮೪೯ರಲ್ಲಿ ಇದನ್ನು ವರ್ಣಿಸಿದ. ನಾಲ್ಕೈದು ಅಂಗುಲ ಬೆಳೆಯುತ್ತದೆ, ಗುಂಪಾಗಿ ನಡುನೀರಿನಲ್ಲಿ ಸುತ್ತುತ್ತದೆ, ಏಟಿಗೆ ಸಿಗುವಷ್ಟು ನಿಧಾನಿಯಲ್ಲ. ತೊಟ್ಟಿಯಲ್ಲೇ ಮರಿಮಾಡಿಸಿದ್ದು ಸಿಕ್ಕರೆ ಕೊಳ್ಳಬೇಕು. ಹೊಳೆಯಿಂದ ಹಿಡಿದು ತರುವುದು ಸಲ್ಲದು.

ಇನ್ನು ಜೊತೆಗಾರರನ್ನು ಬಿಡುವ ಕ್ರಮ. ಟಿನ್‌ಬರ್ಗನ್ನನ ನಳಿಗೆಗಳನ್ನು ನೆನಪಿಟ್ಟುಕೊಂಡರೆ ಇದು ತಾನಾಗಿ ಹೊಳೆಯುತ್ತದೆ. ಸಾಧುಗಳನ್ನು ಮೊದಲು ಬಿಟ್ಟು ಅವು ಮನೆ ಮಾಡಿಕೊಂಡ ಮೇಲೆ ಜಗಳಗಂಟನನ್ನು ಕಡೆಯಲ್ಲಿ ಬಿಡಬೇಕು. ಆಗ ಅವನು ನೆಂಟನೇ ಹೊರತು ಒಡೆಯನಲ್ಲ. ಅವನು ಈಗಾಗಲೇ ಒಡೆಯನಾಗಿ ಕುಳಿತಿದ್ದರೆ, ಹೊಸಬರನ್ನು ಬಿಡುವ ದಿನ ತೊಟ್ಟಿಯ ಕಲ್ಲು, ಬೇರು, ಮಡಕೆಚೂರುಗಳನ್ನೆಲ್ಲ ಕದಲಿಸಿ ಬೇರೆ ರೀತಿ ಜೋಡಿಸಬೇಕು. ಹಳೆಯ ಗಡಿಗಳು ಅಳಿಸಿಹೋಗಿ ಎಲ್ಲರೂ ಒಮ್ಮೆಗೇ ಹೊಸಬರಾಗುತ್ತಾರೆ. ಹೊಸಬರನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ಕಂಡುಕೊಂಡು, ಹಳಬನಿಗೆ ಹೊಟ್ಟೆತುಂಬ ತಿನ್ನಿಸಿ, ಸಂಜೆ ದೀಪ ಆರಿಸಿ ಬಿಡುವುದು ಲೇಸು. ಅಡಗುದಾಣಗಳು ಮೀನಿನ ಸಂಖ್ಯೆಗಿಂತ ಒಂದೆರಡು ಹೆಚ್ಚಿರಲಿ. ಪ್ರತಿಯೊಂದಕ್ಕೂ ಎರಡು ಬಾಗಿಲಿರಲಿ. ಒಂದೇ ಬಾಗಿಲಿನ ಗುಹೆ ಅಡಗುದಾಣವಲ್ಲ, ಬೋನು. ತಳವಿಲ್ಲದ ಸಣ್ಣ ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿದರೆ ಸಾಕು, ಅಂಗಡಿಯ ಪ್ಲಾಸ್ಟಿಕ್ ಕೋಟೆಗಿಂತ ಅದು ಮೇಲು.

ಆಮೇಲಿನ ಒಂದು ವಾರ ನೋಡುತ್ತಿರಬೇಕು. ಅಟ್ಟಾಡಿಸುವುದೆಲ್ಲ ಅಪಾಯವಲ್ಲ. ಒಂದು ಮೀನು ಫಿಲ್ಟರಿನ ಕೊಳವೆಯ ಹಿಂದೆ, ಮೇಲಿನ ಮೂಲೆಯಲ್ಲಿ, ರೆಕ್ಕೆ ಮುಚ್ಚಿಕೊಂಡು ನಿಂತೇ ಇದ್ದರೆ, ಊಟ ಹಾಕಿದಾಗಲೂ ಬಾರದಿದ್ದರೆ, ಅದಕ್ಕೆ ಆ ತೊಟ್ಟಿಯಲ್ಲಿ ಬಾಳುವೆಯಿಲ್ಲ. ಅಂದೇ ಬೇರ್ಪಡಿಸಬೇಕು. ನಡುವೆ ರಂಧ್ರಗಳುಳ್ಳ ತಡಿಕೆ ಇಳಿಬಿಡುವುದು ತಾತ್ಕಾಲಿಕ ಉಪಾಯ. “ಕ್ರಮೇಣ ಹೊಂದಿಕೊಳ್ಳುತ್ತವೆ” ಎಂದು ಕಾದವರು ಮರುದಿನ ಬೆಳಿಗ್ಗೆ ಸಣ್ಣ ಬಲೆಯಿಂದ ಹೆಣವನ್ನು ಎತ್ತಬೇಕಾಗುತ್ತದೆ.

ಯಾರೊಡನೆಯೂ ಹೊಂದದೆ, ತೊಟ್ಟಿಗೂ ಮೀರಿ ಬೆಳೆದ ಮೀನನ್ನು ಏನು ಮಾಡುವುದು? ಅನೇಕ ಮನೆಗಳಲ್ಲಿ ಇದಕ್ಕೆ ದೊರೆಯುವ ಪರಿಹಾರ ಒಂದು ಪ್ಲಾಸ್ಟಿಕ್ ಚೀಲ ಮತ್ತು ಹತ್ತಿರದ ಕೆರೆ. ದಯೆಯಿಂದಲೇ ಮಾಡುತ್ತಾರೆ, ಕೊಲ್ಲುವುದಕ್ಕಿಂತ ಬಿಡುಗಡೆ ವಾಸಿಯಲ್ಲವೇ ಎಂದುಕೊಳ್ಳುತ್ತಾರೆ. ಆದರೆ ಕೆರೆ ದೊಡ್ಡ ತೊಟ್ಟಿಯಷ್ಟೆ. ಅಲ್ಲಿಯೂ ಈ ಮೀನಿಗೆ ಜೊತೆಗಾರರಿದ್ದಾರೆ, ಮತ್ತು ಅವರನ್ನು ಯಾರೂ ಆರಿಸಿಲ್ಲ. ಆಫ್ರಿಕದ ಟಿಲಾಪಿಯಾ ೧೯೫೨ರಲ್ಲಿ ತಮಿಳುನಾಡಿನ ಮಂಡಪಕ್ಕೆ ಬಂದಿಳಿಯಿತು. ಮರಿಗಳನ್ನು ಬಾಯೊಳಗೆ ಕಾಪಾಡುವ ಆ ಮೀನು ಇಂದು ಜಿಲೇಬಿ ಎಂಬ ಹೆಸರಿನಲ್ಲಿ ನಮ್ಮ ಕೆರೆಗಳಲ್ಲೂ ಸಂತೆಗಳಲ್ಲೂ ಮನೆಯವನೇ ಆಗಿಬಿಟ್ಟಿದೆ. ಆಫ್ರಿಕದ ಕ್ಯಾಟ್‌ಫಿಷ್‌ನ ಸಾಕಣೆಯನ್ನು ಭಾರತ ಸರ್ಕಾರ ೨೦೦೦ದಲ್ಲಿ ನಿಷೇಧಿಸಬೇಕಾಯಿತು. ಗಾಜು ತೊಳೆಯುತ್ತದೆಂದು ಮೂರಂಗುಲದ್ದಾಗಿ ಮನೆಗೆ ತಂದ ಪ್ಲೆಕೊ ಜಾತಿಯ ಮೀನು, ಅಡಿಗೂ ಮೀರಿ ಬೆಳೆದು ಹೊರಗೆ ಬಿಡಿಸಿಕೊಂಡು, ಆಂಧ್ರ, ತಮಿಳುನಾಡು, ಕೇರಳಗಳ ನೀರಿನಲ್ಲಿ ಬೆಸ್ತರ ಬಲೆ ಹರಿಯುತ್ತಿದೆ.

ಪಿರಿಯಾಪಟ್ಟಣದ ಕಡೆಯ ಕೆರೆಯೊಂದರಲ್ಲಿ ಬಿಟ್ಟ ಮೀನು ಅಲ್ಲಿಯೇ ಉಳಿಯುತ್ತದೆಂದು ಹೇಳುವಂತಿಲ್ಲ. ಮಳೆ ಚೆನ್ನಾದ ವರ್ಷ ಕೆರೆ ಕೋಡಿ ಬೀಳುತ್ತದೆ, ಕೋಡಿಯ ನೀರು ಹಳ್ಳ ಸೇರುತ್ತದೆ, ಹಳ್ಳಗಳು ಕಾವೇರಿಯನ್ನೋ ಲಕ್ಷ್ಮಣತೀರ್ಥವನ್ನೋ ಕೂಡುತ್ತವೆ. ಆದುದರಿಂದ ಎರಡಂಗುಲದ ಮರಿಯನ್ನು ಕೊಳ್ಳುವ ಮೊದಲೇ, ಹಣ ಕೊಡುವ ಮುನ್ನ, “ಇದು ದೊಡ್ಡದಾದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ?” ಎಂದು ಅಂಗಡಿಯವನನ್ನು ಕೇಳಿಬಿಡಬೇಕು. ಒಪ್ಪುವವರು ಇದ್ದಾರೆ, ದೊಡ್ಡ ತೊಟ್ಟಿಯಿರುವ ಗಿರಾಕಿಗಳು ಬೆಳೆದ ಆಸ್ಕರ್‌ಗೆ ಮರಿಗಿಂತ ಹೆಚ್ಚು ಬೆಲೆ ಕೊಡುವುದೂ ಉಂಟು. ಒಪ್ಪದವನ ಅಂಗಡಿಯಲ್ಲಿ ನಿಯಾನ್ ಟೆಟ್ರಾಗಳನ್ನು ಮಾತ್ರ ಕೊಂಡು ಮನೆಗೆ ಬಂದರಾಯಿತು.